ಪರಸಪ್ಪ ಎತ್ತದ ಚೀಲ

೧

ಎಲ್ಲಿಂದ ಶುರು ಮಾಡಲಿ? ಆಪರೇಷನ್ ಟೇಬಲ್ಲಿನಿಂದ ಶುರು ಮಾಡಿದ್ದೆ, ಹರಿದು ಹಾಕಿದೆ. ಅಲ್ಲಿ ಪರಸಪ್ಪನಿಗೆ ಸೊಂಟದ ಕೆಳಗೆ ಏನೂ ಗೊತ್ತಾಗುತ್ತಿರಲಿಲ್ಲ. ನನಗೆ ಸೊಂಟದ ಮೇಲೂ ಏನೂ ಗೊತ್ತಿರಲಿಲ್ಲ.

ಆದ್ದರಿಂದ ಅಂಗಳದಿಂದ. ಅತ್ತಿವೇರಿ ಹತ್ತಿರದ ಹಳ್ಳಿ, ಸುಗ್ಗಿಯ ಮಧ್ಯಾಹ್ನ. ಅಂಗಳದಲ್ಲಿ ಕೊನೆಯದೊಂದು ಭತ್ತದ ಚೀಲ ಉಳಿದಿದೆ. ಕೆರೆಯ ಕಡೆಯಿಂದ ಅಕಾಲದ ಮೋಡ ಏರುತ್ತಿದೆ. ಕಟ್ಟೆಯ ಮೇಲೆ ಪರಸಪ್ಪ ಕುಳಿತಿದ್ದಾನೆ. ಊರಲ್ಲಿ ಯಾರ ಚೀಲವೇ ಇರಲಿ, ಲಾರಿಗೆ ಏರಿಸಲು ಅವನನ್ನೇ ಕರೆಯುವುದು ರೂಢಿ. ಈಗ ಅವನ ತೊಡೆಸಂದಿನಲ್ಲಿ ಹರ್ನಿಯಾದ ಹೊಲಿಗೆ, ಹೊಲಿಗೆಯ ಒಳಗೆ ಕರುಳು ಜಾರದಂತೆ ಇಟ್ಟ ಜಾಳಿಗೆ. ಸುಗ್ಗಿ ಮುಗಿಯುವವರೆಗೆ ತುಂಬಿದ ಕೊಡವನ್ನೂ ಎತ್ತಕೂಡದು ಎಂದಿದ್ದಾರೆ ಡಾಕ್ಟರು.

ಊರಿಗೆ ಮಾತ್ರ "ಕಿಡ್ನಿಯೊಳಗ ಹರಳಾಗಿತ್ತು" ಎಂದು ಹೇಳಿಟ್ಟಿದ್ದಾನೆ. (ಸುಳ್ಳು ಕಟ್ಟುವುದರಲ್ಲಿ ಅವನು ನನಗಿಂತ ಕಚ್ಚಾ.)

೨

ಮೊದಲ ಡ್ರಾಫ್ಟಿನಲ್ಲಿ ಅವನ ಹೆಂಡತಿ ಗೋದುಬಾಯಿ ಚೀಲ ಎಳೆಯಲಾರದೆ ಜಾರುತ್ತಾಳೆ, ಪರಸಪ್ಪ ಓಡಿ ಬಂದು ಎತ್ತುತ್ತಾನೆ, ಹೊಲಿಗೆ ಬಿಚ್ಚುತ್ತದೆ, ಓದುಗರ ಕಣ್ಣು ಒದ್ದೆಯಾಗುತ್ತದೆ.

"ನಾ ಎತ್ತಂಗಿಲ್ರಿ," ಅಂದ ಪರಸಪ್ಪ.

"ಎತ್ತದಿದ್ದರೆ ಕತೆ ಆಗೋದಿಲ್ಲಪ್ಪಾ."

"ನಿಮ್ಮ ಕತಿ ಸಲುವಾಗಿ ನಾ ಹೊಲಿಗಿ ಹರಕೋಬೇಕೇನ್ರಿ? ಕೆಮ್ಮಿದ್ರ ಜೀವ ಬಾಯಿಗೆ ಬರ್ತೈತಿ. ಅಷ್ಟ ಇದ್ರ ನೀವ ಬಂದು ಎತ್ರಿ."

(ನನಗೆ ಬೆನ್ನು ನೋವು. ಕೂತು ಬರೆಯುವವರ ಕಾಯಿಲೆ.)

೩

ಇದು ಎರಡನೆಯ ಡ್ರಾಫ್ಟು. ಇದರಲ್ಲಿ ಅವನು ಎತ್ತುವುದಿಲ್ಲ. ಸುಮ್ಮನೆ ಕೂರುವುದು ಸುಲಭವೆಂದುಕೊಂಡಿರಾ? ಗೋದುಬಾಯಿ ಚೀಲದ ಕಿವಿ ಹಿಡಿದು ಜಗ್ಗಿದಾಗಲೆಲ್ಲ ಅವನ ಅಂಗೈ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಕುಳಿತ. ಹಲ್ಲು ಕಚ್ಚಿದ. ಆಮೇಲೆ ಎದ್ದ.

"ಏ, ಎಲ್ಲಿಗೆ ಹೊಂಟ್ರಿ? ಚೀಲ ಮುಟ್ಟಿದ್ರ ನೋಡ್ರಿ ಮತ್ತ!" ಅಂದಳು ಗೋದುಬಾಯಿ.

"ಮುಟ್ಟಂಗಿಲ್ಲ. ಸಿದ್ದಲಿಂಗನ್ನ ಕರಕೊಂಡು ಬರ್ತೇನಿ. ಅವಗ ಖರೇ ಸಂಗತಿ ಹೇಳಿ."

ಸಿದ್ದಲಿಂಗನದು ಪಕ್ಕದ ಮನೆಯೇ. ಹಿಂದಿರುಗಲು ಅವನ ನಾಚಿಕೆಗೊಂದು ನೆಪ ಸಿಗಲಿ ಎಂದು ದಾರಿಗೆ ಅಡ್ಡವಾಗಿ ಒಂದು ನಾಯಿಯನ್ನು ಮಲಗಿಸಿದೆ. ಸುತ್ತು ಹಾಕಿ ನಡೆದ.

೪

"ಸಿದ್ದಲಿಂಗಾ, ನಂದು ಹರಳಲ್ಲಪಾ. ಕರಳ ಇಳದಿತ್ತು. ಇಷ್ಟ ದಿನ ದುಡ್ಡ ಒತ್ತಿ ಲಂಗೋಟಿ ಬಿಗೀತಿದ್ದೆ. ಒಂದು ಚೀಲ ಒಳಗ ಇಟ್ಟು ಬಾ."

ತೊಡೆಸಂದಿನಲ್ಲಿ ಉಬ್ಬಿದ ಗಂಟಿನ ಮೇಲೆ ಹಳೆಯ ತಾಮ್ರದ ದುಡ್ಡಿಟ್ಟು ಬಿಗಿದು ಕಟ್ಟಿದರೆ ಕರುಳು ಮೇಲೇರುತ್ತದಂತೆ. ಇಲ್ಲಿಯ ಗಂಡಸರು ಯಾರೂ ಹೇಳದ, ಎಲ್ಲರೂ ಬಲ್ಲ ಔಷಧ.

ಸಿದ್ದಲಿಂಗ ನಗುತ್ತಾನೆಂದು ಬರೆದಿದ್ದೆ. ನಗಲಿಲ್ಲ. ಅವನ ಕೈ ಧೋತರದ ಮೇಲಿಂದ ತೊಡೆಸಂದಿಗೆ ಹೋಯಿತು.

"ಪರಸಣ್ಣಾ, ನಾನೂ ದುಡ್ಡ ಇಟ್ಟು ಕಟ್ಟಕೊಂಡೇನಿ," ಅಂದ ಮೆಲ್ಲಗೆ.

(ಇದು ನನ್ನ ಯಾವ ಡ್ರಾಫ್ಟಿನಲ್ಲೂ ಇರಲಿಲ್ಲ.)

೫

ಇಬ್ಬರೂ ಬಂದು ಚೀಲದ ಆಚೆ ಈಚೆ ನಿಂತರು. ಯಾರೂ ಬಾಗಲಿಲ್ಲ. ಗೋದುಬಾಯಿ ಇಬ್ಬರ ಮುಖವನ್ನೂ ನೋಡಿದಳು. ಚೀಲದ ಬಾಯಿಯ ಸುತಳಿ ಬಿಚ್ಚಿ ಭತ್ತವನ್ನು ಬಿದಿರಿನ ಪುಟ್ಟಿಗೆ ತುಂಬತೊಡಗಿದಳು.

"ಪುಟ್ಟೀಲೆ ಹೊತ್ರಾತು. ಚೀಲ ಎತ್ತಿದ್ರ ಅಷ್ಟ ಗಂಡಸರೇನು? ಸರೀರಿ ದಾರಿ ಬಿಟ್ಟು."

ಮಳೆ ಬಂತು, ಅರ್ಧ ಭತ್ತ ನೆನೆಯಿತು. ಇಲ್ಲವೇ, ಮೋಡ ಮುಂಡಗೋಡದ ಕಡೆ ಹಾದುಹೋಯಿತು. ಬೇಕಾದ್ದು ಆರಿಸಿಕೊಳ್ಳಿ. ಅವರಿಬ್ಬರೂ ಮೇಲೆ ನೋಡುತ್ತಿಲ್ಲ.

"ದವಾಖಾನಿಗೆ ಯಾವ ಬಸ್ಸಿಗೆ ಹೋಗಬೇಕಣ್ಣಾ?"

"ಮುಂಜಾನಿ ಹುಬ್ಬಳ್ಳಿ ಬಸ್ಸಿಗೆ. ನಾನೂ ಬರ್ತೇನಿ. ಮೊದಲ ಆ ದುಡ್ಡ ಬಿಚ್ಚಿ ಒಗಿ."

ಸಿದ್ದಲಿಂಗ ಸುತ್ತ ನೋಡಿದ. ಗೋದುಬಾಯಿ ಪುಟ್ಟಿ ಹೊತ್ತು ಒಳಗೆ ಹೋಗಿದ್ದಳು. ಅವನು ನನ್ನ ಕಡೆ ಬೊಟ್ಟು ಮಾಡಿದ.

"ಇವ್ರು ಬರಿಯೂದು ನಿಲ್ಲಸಲಿ. ಬಿಚ್ಚತೇನಿ."