ಮೊದಲನೆಯದನ್ನು ಸುಡಬೇಕು

ಟೈಲರಮ್ಮ ಒಮ್ಮೆ ಹಟ ಹಿಡಿದಳೆಂದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಲರಿನ ಹಾಗೆ, ಬಗ್ಗುವ ಮಾತೇ ಇಲ್ಲ. ಮಗಳು ಬಸುರಿ ಎಂದು ತಿಳಿದ ದಿನ ಎಲ್ಲರಿಗಿಂತ ಹೆಚ್ಚು ಕುಣಿದಾಡಿದವಳೂ ಅವಳೇ, ಸಂಜೆಯಾಗುವುದರೊಳಗೆ ಆ ಸಂಭ್ರಮಕ್ಕೆ ಕತ್ತರಿ ಹಾಕಿದವಳೂ ಅವಳೇ. ಕಾರಣ ಇಲ್ಲದಿರಲಿಲ್ಲ. ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಬಡಗಿ ಕೆಲಸದ ಅಳಿಯನಿಗೂ ಅಷ್ಟೇ. ಇಬ್ಬರೂ ಕೈಮಾತಿನಲ್ಲೇ ಪ್ರೀತಿಸಿ, ಕೈಮಾತಿನಲ್ಲೇ ಜಗಳವಾಡಿ, ಯಾರ ಹಂಗೂ ಇಲ್ಲದೆ ಸಂಸಾರ ಮಾಡಿಕೊಂಡಿದ್ದರು. ಅದೆಲ್ಲ ಸರಿ. ಆದರೆ ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ಕೇಳಿಸಿಕೊಳ್ಳುವವರು ಯಾರು?

"ಮಗು ನಡೆಯೋ ತನಕ ನನ್ನ ಹತ್ರ ಇರ್ಲಿ," ಎಂದಳು ಟೈಲರಮ್ಮ. ಕೈಯಲ್ಲೇ ಅಂದಳು. ಮಗಳ ಜೊತೆ ಅವಳ ಮಾತೆಲ್ಲ ಕೈಯಲ್ಲೇ.

ಪುಸ್ತಕದಂಗಡಿಗೆ ಬೈಂಡಿಂಗ್ ಮಾಡಿಕೊಡುವ ಮಗಳು ಗೋಂದಿನ ಕೈಯನ್ನು ಒರೆಸಿಕೊಂಡಳು. ಜಗಳಕ್ಕೆ ಕೈ ಖಾಲಿ ಇರಬೇಕಲ್ಲ. "ನನ್ನ ಮಗು ನನ್ನ ಮನೇಲಿರುತ್ತೆ. ಅದು ಅತ್ರೆ ದೀಪ ಹತ್ತೋ ಹಾಗೆ ನಾನೇ ಒಂದು ಮಾಡ್ತೀನಿ."

"ನಿಂಗೇನು ತಲೆ ಕೆಟ್ಟಿದ್ಯಾ? ಅಂಥದ್ದು ಅಂಗಡೀಲಿ ಸಿಗಬಹುದು, ತರಿಸಿದ್ರಾಯ್ತು."

"ತರಿಸಿದ್ದು ಕೆಟ್ರೆ ಯಾರ ಬಾಗಿಲು ತಟ್ಟಲಿ? ನಾನೇ ಮಾಡಿದ್ದಾದ್ರೆ ನಾನೇ ಬಿಚ್ಚಿ ನೋಡ್ತೀನಿ."

ಅಮ್ಮನ ಹಟ ಮಗಳಿಗೂ ಬಂದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಕೊನೆಗೆ ಒಪ್ಪಂದವಾಯಿತು. ಹೆರಿಗೆಯ ಹೊತ್ತಿಗೆ ಮಗಳು ಅದನ್ನು ಮಾಡಿ ಮುಗಿಸಬೇಕು. ಹೆರಿಗೆಯಾದ ಮೇಲೆ ಟೈಲರಮ್ಮ ಜೊತೆಗಿದ್ದು ಪರೀಕ್ಷೆ ಮಾಡಬೇಕು. ಮಗು ಅತ್ತಾಗ ಒಂದೇ ಒಂದು ಸಲ ದೀಪ ಹತ್ತದಿದ್ದರೂ ಮಗು ಅಜ್ಜಿಯ ಮನೆಗೆ. ಮಗಳು ಕೈ ಮುಂದೆ ಚಾಚಿದಳು, ಟೈಲರಮ್ಮ ಕುಲುಕಿದಳು. ಗೆಲ್ಲುವುದು ತಾನೇ ಎಂಬ ಧೈರ್ಯದಲ್ಲಿ ಅಂದೇ ತೊಟ್ಟಿಲಿಗೆ ತನ್ನ ಮನೆಯ ಯಾವ ಮೂಲೆ ಸರಿ ಎಂದು ಟೇಪು ಹಿಡಿದು ಅಳೆದೂ ಬಿಟ್ಟಳು.

ಬಿಡಿಭಾಗಗಳ ಅಂಗಡಿ ಬೀದಿಯ ತುದಿಯಲ್ಲಿ, ಬೀಗ ರಿಪೇರಿಯವನ ಪಕ್ಕದಲ್ಲಿತ್ತು. ಒಳಗೆ ಕಾಲಿಟ್ಟರೆ ಗೋಡೆಯ ತುಂಬ ಸಣ್ಣ ಸಣ್ಣ ಡ್ರಾಯರುಗಳು, ಪ್ರತಿಯೊಂದರ ಮೂತಿಗೂ ಒಳಗಿನ ಸಾಮಾನಿನದೇ ಒಂದು ತುಂಡನ್ನು ಅಂಟಿಸಿತ್ತು. ಗುಂಡಿ ಅಂಗಡಿಯಲ್ಲಿ ಹೀಗೇ ಇರುತ್ತದೆ. ಅಷ್ಟರ ಮಟ್ಟಿಗೆ ಟೈಲರಮ್ಮನಿಗೆ ಜಾಗ ಪರಿಚಿತವೆನಿಸಿತು. ಅಂಗಡಿಯವನನ್ನು ಊರೆಲ್ಲ ಸುಡುಮೇಷ್ಟ್ರು ಎನ್ನುತ್ತಿತ್ತು. ಹೆಸರು ಯಾಕೆ ಬಂತೋ ಅವಳಿಗೆ ಗೊತ್ತಿರಲಿಲ್ಲ. ಸಿಡುಕಿನ ಮನುಷ್ಯ ಇರಬೇಕು ಎಂದುಕೊಂಡು ಜಗಳಕ್ಕೆ ಸೆರಗು ಬಿಗಿದುಕೊಂಡೇ ಹೋಗಿದ್ದಳು.

ಸಿಡುಕೂ ಇಲ್ಲ, ಗಿಡುಕೂ ಇಲ್ಲ. ಮೇಷ್ಟ್ರು ಮಾಡಿದ ಮೊದಲ ಕೆಲಸವೇ ಟೈಲರಮ್ಮನ ಕಣ್ಣಿಗೆ ಬಿತ್ತು. ಮಗಳ ಕೈಮಾತನ್ನು ಅವಳು ಬಾಯಲ್ಲಿ ಹೇಳುತ್ತಿದ್ದರೂ ಅವರು ಅವಳತ್ತ ತಿರುಗಲೇ ಇಲ್ಲ. ಮಗಳ ಮುಖ ನೋಡಿಯೇ ಕೇಳಿಸಿಕೊಂಡರು, ಮಗಳ ಮುಖ ನೋಡಿಯೇ ಉತ್ತರ ಕೊಟ್ಟರು. ಇಷ್ಟು ವರ್ಷಗಳಲ್ಲಿ ಡಾಕ್ಟರು, ಬ್ಯಾಂಕಿನವರು, ಬಸ್ಸಿನವರು ಎಲ್ಲರೂ "ಇವಳಿಗೇನು ಬೇಕಂತೆ?" ಎಂದು ಅಮ್ಮನನ್ನೇ ಕೇಳಿದ್ದರು. ಟೈಲರಮ್ಮ ಬಿಗಿದ ಸೆರಗನ್ನು ಸ್ವಲ್ಪ ಸಡಿಲ ಮಾಡಿದಳು.

ಮಗಳು ಮೊಬೈಲಿನಲ್ಲಿ ಏನೇನೋ ನೋಡಿಟ್ಟುಕೊಂಡು ಹತ್ತಾರು ಬಗೆಯ ಟ್ರಾನ್ಸಿಸ್ಟರ್ ಬೇಕೆಂದಳು. ಮೇಷ್ಟ್ರು ತಲೆಯಾಡಿಸಿದರು.

"ಹತ್ತು ಬಗೆಯಲ್ಲಿ ಒಂದೊಂದು ಬೇಡ ಮಗಾ. ಒಂದೇ ಬಗೆಯಲ್ಲಿ ಒಂದು ಹಿಡಿ ತಗೋ. ಅದರ ಗುಣ ಕೈಗೆ ಹತ್ತಲಿ. ಆಮೇಲೆ ಮಿಕ್ಕಿದ್ದು ನೋಡೋಣ." ಒಂದು ಡ್ರಾಯರು ಎಳೆದು ಗಾಜಿನ ಮೇಲೆ ಸುರಿದರು. ಕರಿ ತಲೆ, ಮೂರು ಕಾಲು, ಕಾಳಿಗಿಂತ ಚೂರು ದೊಡ್ಡದು. ಮೈ ಮೇಲೆ ಐನೂರ ನಲವತ್ತೇಳು ಎಂದು ಸಣ್ಣ ಅಕ್ಷರ. "ಇದು ಬಡಪಾಯಿ. ಎಲ್ಲ ಕೆಲಸಕ್ಕೂ ಬರುತ್ತೆ, ಎಲ್ಲಿ ಬೇಕಾದ್ರೂ ಸಿಗುತ್ತೆ. ಮಧ್ಯದ ಕಾಲಿಗೆ ಒಂದು ಚಿಟಿಕೆ ಕರೆಂಟು ಕೊಟ್ರೆ ಆಚೀಚೆ ಕಾಲುಗಳ ನಡುವೆ ಒಂದು ಬೊಗಸೆ ಹರಿಯೋಕೆ ಬಿಡುತ್ತೆ. ಮಗು ಅಳೋದು ಚಿಟಿಕೆ. ದೀಪ ಹತ್ತೋದು ಬೊಗಸೆ."

ಚಿಟಿಕೆ, ಬೊಗಸೆ ಎರಡನ್ನೂ ಅವರು ಕೈಯಲ್ಲಿ ಮಾಡಿ ತೋರಿಸಿದ್ದರಿಂದ ಟೈಲರಮ್ಮ ಅನುವಾದ ಮಾಡುವ ಪ್ರಮೇಯವೇ ಬರಲಿಲ್ಲ.

ಆಮೇಲೆ ಒಂದೊಂದೇ ಬಂದವು. ಸದ್ದು ಹಿಡಿಯುವ ಮೈಕು, ಅಂಗಿಯ ಗುಂಡಿಯಷ್ಟು. ಕರೆಂಟನ್ನು ಹದ್ದುಬಸ್ತಿನಲ್ಲಿಡುವ ರೆಸಿಸ್ಟರುಗಳು, ಮೈ ತುಂಬ ಬಣ್ಣದ ಪಟ್ಟೆ. ಕೆಪಾಸಿಟರ್ ಅಂತೆ, ಅಳು ಒಂದು ಕ್ಷಣ ನಿಂತರೂ ದೀಪ ತಟಕ್ಕನೆ ಆರದ ಹಾಗೆ ಚೂರು ಕರೆಂಟನ್ನು ಕೂಡಿಟ್ಟುಕೊಳ್ಳುತ್ತದಂತೆ. ಬೆಸುಗೆಯ ಗೋಜಿಲ್ಲದೆ ಕಾಲು ಚುಚ್ಚಿ ಕೂರಿಸಲು ತೂತುಗಳ ಹಲಗೆ. ಮೇಷ್ಟ್ರು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಕಾಲು ನೆಟ್ಟಗಿದೆಯೇ ಎಂದು ನೋಡಿ ಪಕ್ಕಕ್ಕಿಡುತ್ತಿದ್ದರು. ಒಳ್ಳೆಯ ದರ್ಜಿ ಬಟ್ಟೆಯನ್ನು ಹೀಗೇ ಮುಟ್ಟಿ ನೋಡುತ್ತಾನೆ. ಟೈಲರಮ್ಮನಿಗೆ ಆ ಮನುಷ್ಯನ ಬಗ್ಗೆ ಮೆಚ್ಚಿಗೆ ಬಂದೇ ಬಿಟ್ಟಿತು. ಪಂದ್ಯದಲ್ಲಿ ಆತ ಎದುರು ಪಕ್ಷದವನೆಂದು ನೆನಪಾಗಿ ಮುಖ ಗಂಟು ಹಾಕಿಕೊಂಡಳು.

ಎಲ್ಲವನ್ನೂ ಕಟ್ಟಿಕೊಡುವ ಮುಂಚೆ ಮೇಷ್ಟ್ರು ಒಂದು ಟ್ರಾನ್ಸಿಸ್ಟರನ್ನು ಬೇರೆ ತೆಗೆದರು. ಹಲಗೆಗೆ ಚುಚ್ಚಿ ಪಕ್ಕದಲ್ಲಿ ಚೌಕದ ಬ್ಯಾಟರಿಯಿಟ್ಟರು. "ಈಗ ಇದನ್ನ ಸುಡು."

ಟೈಲರಮ್ಮನ ಕೈ ಅರ್ಧದಲ್ಲೇ ನಿಂತಿತು. "ಏನಂದ್ರಿ?"

"ರೆಸಿಸ್ಟರ್ ಇಲ್ದೆ ಮಧ್ಯದ ಕಾಲಿಗೆ ನೇರ ಬ್ಯಾಟರಿ ಕೊಡ್ಲಿ. ಸುಟ್ಟು ಹೋಗುತ್ತೆ."

"ಹೊಸಾ ಸಾಮಾನನ್ನ? ಬೇಕು ಬೇಕಂತ?"

"ನನ್ನ ಅಂಗಡೀಲಿ ಕಲಿಯೋರು ಮೊದಲನೇದನ್ನ ಸುಟ್ಟೇ ಹೋಗ್ಬೇಕು." ಮೇಷ್ಟ್ರು ನಕ್ಕರು. ಹೆಸರಿನ ಗುಟ್ಟು ಟೈಲರಮ್ಮನಿಗೆ ಆಗ ಹೊಳೆಯಿತು. "ಇಲ್ದಿದ್ರೆ ಏನಾಗುತ್ತೆ ಗೊತ್ತಾ ಅಮ್ಮ? ಮನೆಗೆ ಹೋಗ್ತಾರೆ, ಎಲ್ಲಿ ಸುಟ್ಟು ಹೋಗುತ್ತೋ ಅಂತ ಮುಟ್ಟೋದೇ ಇಲ್ಲ. ಡಬ್ಬೀಲೇ ಧೂಳು ಹಿಡಿಯುತ್ತೆ. ನೀವು ಮೊದಲನೇ ಸಲ ಬಟ್ಟೆಗೆ ಕತ್ತರಿ ಇಟ್ಟಾಗ ಹೇಗಿತ್ತು, ನೆನಪು ಮಾಡ್ಕೊಳ್ಳಿ."

ನೆನಪಿತ್ತು. ಕತ್ತರಿ ಹಿಡಿದು ಇಡೀ ಮಧ್ಯಾಹ್ನ ಸುಮ್ಮನೆ ನಿಂತಿದ್ದಳು. ಆಗ ಯಾರಾದರೂ ಒಂದು ಹಳೆಯ ಬಟ್ಟೆ ಕೊಟ್ಟು ಹಾಳು ಮಾಡು ಅಂದಿದ್ದರೆ!

ಮಗಳು ತಂತಿ ತಾಗಿಸಿದಳು. ಚಟ್ ಎಂದಿತು. ಆ ಸದ್ದು ಅವಳಿಗೆ ತಿಳಿಯಲಿಲ್ಲ, ಕಮರು ವಾಸನೆ ತಿಳಿಯಿತು. ಮೂಗು ಅರಳಿಸಿ ಗಟ್ಟಿಯಾಗಿ ನಕ್ಕಳು. ಅವಳ ನಗು ಯಾವಾಗಲೂ ಗಟ್ಟಿ. ಬೀಗದವನು ಪಕ್ಕದಿಂದ ಇಣುಕಿ, "ಇನ್ನೊಂದು ಹೋಯ್ತಾ ಮೇಷ್ಟ್ರೇ?" ಎಂದು ಕೇಳಿ ಹೋದ.

ಮುಂದಿನ ತಿಂಗಳುಗಳಲ್ಲಿ ಟೈಲರಮ್ಮನಿಗೆ ಹೊಸದೊಂದು ಕೆಲಸ ಹುಟ್ಟಿತು. ಮಗಳ ಮನೆಗೆ ಹೋಗಿ ಸದ್ದು ಮಾಡುವುದು. ಮಗಳು ಹಜಾರದಲ್ಲಿ ದೀಪ ನೋಡುತ್ತ ಕೂರುವಳು. ಟೈಲರಮ್ಮ ಒಳಗಿನ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಮಗುವಿನ ಹಾಗೆ ಅಳಬೇಕು. ಸೋಲಬೇಕಾದವಳಿಗೆ ನಾನೇ ನೆರವಾಗುತ್ತಿದ್ದೇನಲ್ಲ ಎಂದು ಗೊಣಗಿಕೊಂಡೇ ಅಳುತ್ತಿದ್ದಳು. ಪಕ್ಕದ ಮನೆಯವರು ಗಾಬರಿಯಿಂದ ಓಡಿ ಬಂದದ್ದೂ ಉಂಟು.

ಮೊದಮೊದಲು ದೀಪ ಹತ್ತಲೇ ಇಲ್ಲ. ಆಮೇಲೆ ಹತ್ತಿದ್ದು ಆರಲೇ ಇಲ್ಲ. ಒಂದು ದಿನ ಟೈಲರಮ್ಮ ಹೊಲಿಗೆ ಮೆಷಿನನ್ನು ಅಲ್ಲಿಗೇ ತಂದು ಮಗುವಿನ ಅಂಗಿ ಹೊಲಿಯುತ್ತಿದ್ದಳು. ಹಜಾರದಲ್ಲಿ ದೀಪ ಹತ್ತಿದ್ದನ್ನು ಕಂಡು ಮಗಳು ಓಡಿ ಬಂದು ಬಿಟ್ಟ ಕಣ್ಣು ಬಿಟ್ಟಂತೆ ನಿಂತಳು.

"ಅಮ್ಮ, ಮೆಷಿನ್ ಸದ್ದು ಮಾಡುತ್ತಾ?"

"ಮಾಡ್ದೆ ಏನು! ಟಕಟಕಟಕ ಅನ್ನುತ್ತೆ."

"ನಾನು ಚಿಕ್ಕವಳಿದ್ದಾಗಿಂದ್ಲೂ ಅದರ ಕೆಳಗೇ ಆಡ್ತಿದ್ದೆ. ನಡುಗುತ್ತೆ ಅಂತ ಮಾತ್ರ ಗೊತ್ತಿತ್ತು." ಅಂದಿನಿಂದ ಅವಳಿಗೆ ಹುಚ್ಚೇ ಹಿಡಿಯಿತು. ಕತ್ತರಿ ಆಡಿಸಿ ನೋಡಿದಳು, ನೀರು ಸುರಿದು ನೋಡಿದಳು, ಗಂಡನ ಕೈಯಲ್ಲಿ ಮರ ಹೆರೆಯುವ ಉಜ್ಜುಗೊರಡು ಎಳೆಸಿದಳು. ಬಾಳೆಹಣ್ಣು ಸುಲಿದರೆ ದೀಪ ಹತ್ತಲಿಲ್ಲ, ಕಾಗದ ಹರಿದರೆ ಹತ್ತಿತು. ಕಿಟಕಿಯಿಂದ ಬಿಸಿಲು ಬಿದ್ದಾಗ ದೀಪದ ಕಡೆ ನೋಡಿ, "ಇಷ್ಟು ಜೋರು ಬಿಸಿಲು, ಸದ್ದೇ ಇಲ್ವಾ?" ಎಂದು ಬೇಸರಪಟ್ಟುಕೊಂಡಳು. ಟೈಲರಮ್ಮನಿಗೆ ನಗು ಬಂತು. ಈ ಹುಡುಗಿ ಮನೆಯ ಒಂದೊಂದು ವಸ್ತುವನ್ನೂ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಿದ್ದಾಳೆ, ನನಗೆ ಇಂಥ ಬುದ್ಧಿ ಎಲ್ಲಿಂದ ಬರಬೇಕು ಎನಿಸಿತು.

ಅಳುವಿಗೆ ಮಾತ್ರ ಹತ್ತುವ ಹದ ಹುಡುಕುವುದರಲ್ಲಿ ಹಿಡಿಯಲ್ಲಿದ್ದ ಟ್ರಾನ್ಸಿಸ್ಟರುಗಳು ಒಂದೊಂದಾಗಿ ಹೋದವು. ಮಗಳು ಕಣ್ಣು ಕೂಡ ಮಿಟುಕಿಸದೆ ಕಿತ್ತು ಇನ್ನೊಂದು ಚುಚ್ಚುತ್ತಿದ್ದಳು. ನಿದ್ದೆಯಲ್ಲಿ ದೀಪ ಕಾಣುವುದಿಲ್ಲವಲ್ಲ, ಅದಕ್ಕೆ ಹಳೆಯ ಮೊಬೈಲಿನ ನಡುಗುವ ಪುಟ್ಟ ಮೋಟಾರನ್ನು ದಿಂಬಿನ ಕೆಳಗಿಡಬೇಕೆಂದಳು. ಮೇಷ್ಟ್ರು ಇನ್ನೂ ಗಟ್ಟಿಯಾದ ಬೇರೆ ಬಗೆಯ ಟ್ರಾನ್ಸಿಸ್ಟರ್ ಕೊಟ್ಟು ಎಚ್ಚರಿಸಿದರು. "ಇವನು ನೋಡೋಕೆ ಅವನ ತಮ್ಮನ ಹಾಗೇ ಇದ್ದಾನೆ. ಆದ್ರೆ ಕಾಲುಗಳ ಸಾಲು ತಿರುಗುಮುರುಗು. ಎಲ್ರೂ ಇಲ್ಲೇ ಎಡವೋದು."

ಮಗಳು ಮೂರು ಬೆರಳು ಕೆಳಮುಖವಾಗಿ ಚಾಚಿ ಅಂಗೈ ತೋರಿಸಿದಳು. ಇದು ಮೊದಲನೆಯದು. ಕೈಯನ್ನು ಮಗುಚಿ ಹಿಂಗೈ ತೋರಿಸಿದಳು. ಇದು ಎರಡನೆಯದು. ಮಗುಚಿದ ಕೂಡಲೇ ಬೆರಳುಗಳ ಸಾಲು ತಾನಾಗಿ ತಿರುಗುಮುರುಗಾಯಿತು. ಸುಡುಮೇಷ್ಟ್ರು ತಮ್ಮ ಮೂರು ಬೆರಳನ್ನೂ ಹಾಗೇ ಎರಡು ಸಲ ಮಗುಚಿ ನೋಡಿಕೊಂಡರು. "ಇದನ್ನ ನಾನು ಇನ್ಮೇಲೆ ಎಲ್ರಿಗೂ ಹೇಳ್ಕೊಡ್ತೀನಿ," ಎಂದರು. ಟೈಲರಮ್ಮ ಆ ಮಾತನ್ನು ಹೆಮ್ಮೆಯಿಂದ ಎರಡೆರಡು ಸಲ ಅನುವಾದ ಮಾಡಿದಳು.

ಹೆಣ್ಣು ಮಗು ಹುಟ್ಟಿತು. ಕಿವಿ ಚೆನ್ನಾಗಿ ಕೇಳಿಸುತ್ತದೆ ಎಂದರು ಡಾಕ್ಟರು. ಗಂಟಲಂತೂ ಬೀದಿಗೇ ಕೇಳಿಸುವಂಥದ್ದು. ಟೈಲರಮ್ಮ ಗಂಟುಮೂಟೆ ಕಟ್ಟಿಕೊಂಡು ಪರೀಕ್ಷೆಗೆ ಬಂದಳು. ಅಳಿಯ ಮಾಡಿದ ತೊಟ್ಟಿಲಿನ ಅಂಚಿಗೆ ಮೈಕು, ಅಲ್ಲಿಂದ ಗೋಡೆಯುದ್ದ ತಂತಿ, ಹಜಾರದಲ್ಲಿ, ಅಡುಗೆಮನೆಯಲ್ಲಿ, ಅಳಿಯನ ಕೆಲಸದ ಕೊಟ್ಟಿಗೆಯಲ್ಲಿ ದೀಪ.

ಮಗು ಅಳುವಾಗ ಹತ್ತಿರವಿದ್ದೂ ಎತ್ತಿಕೊಳ್ಳದೆ ಕೈಕಟ್ಟಿ ಕೂರುವುದು ಎಂಥ ಶಿಕ್ಷೆ ಎಂದು ಅಜ್ಜಿಯಾದವರಿಗೇ ಗೊತ್ತು. ತುಟಿ ಕಚ್ಚಿಕೊಂಡು ಕೂತಳು. ಪ್ರತಿ ಸಲವೂ ಬಾಗಿಲಿಗೆ ಮಗಳು ಓಡಿ ಬಂದಳು. ಕೆಲವೊಮ್ಮೆ ಗೋಂದಿನ ಕೈಯಲ್ಲೇ, ಕೆಲವೊಮ್ಮೆ ಬಾಯಲ್ಲಿ ತುತ್ತು ಇದ್ದ ಹಾಗೇ. ಒಂದೂ ತಪ್ಪಲಿಲ್ಲ. ಮೂರನೆಯ ವಾರದ ಕೊನೆಗೆ ಟೈಲರಮ್ಮ ಸೋಲೊಪ್ಪಿಕೊಂಡಳು. ಪೂರ್ತಿ ಮನಸ್ಸಿನಿಂದ ಒಪ್ಪಿಕೊಂಡಳು.

ಹೊರಡುವ ದಿನ ಮಧ್ಯಾಹ್ನ ಚೀಲ ತುಂಬಿಟ್ಟು ತೊಟ್ಟಿಲ ಪಕ್ಕ ಕೂತಳು. ಮಗು ನಿದ್ದೆಯಲ್ಲಿತ್ತು. ಮಗಳು ಹಜಾರದಲ್ಲಿ ಪುಸ್ತಕ ಹೊಲಿಯುತ್ತಿದ್ದಳು. ಟೈಲರಮ್ಮನಿಗೆ ತನ್ನ ಮನೆಯಲ್ಲಿ ಅಳೆದಿಟ್ಟ ಆ ಮೂಲೆ ನೆನಪಾಯಿತು. ಇನ್ನು ಇವರಿಗೆ ನಾನು ಬೇಕಾಗಿಲ್ಲ ಎನಿಸಿತು. ಸಂತೋಷವೋ ಸಂಕಟವೋ ತಿಳಿಯದೆ ತೊಟ್ಟಿಲ ಅಂಚಿಗೆ ತಲೆಯಾನಿಸಿ ಅಳತೊಡಗಿದಳು.

ಅವಳ ಅಳುವಿಗೆ ಒಂದು ರೂಢಿಯಿತ್ತು. ಮಗಳಿಗೆ ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದ ದಿನದಿಂದ ಅವಳು ಬಾಗಿಲು ಹಾಕಿಕೊಂಡು ಅತ್ತವಳಲ್ಲ. ಸೆರಗು ಬಾಯಿಗೆ ತುರುಕಿಕೊಂಡೂ ಅತ್ತವಳಲ್ಲ. ಬೆನ್ನು ತಿರುಗಿಸಿದರೆ ಸಾಕಿತ್ತು. ಗಂಡ ತೀರಿಕೊಂಡಾಗ, ಕೈಯಲ್ಲಿ ಕೆಲಸವಿಲ್ಲದಾಗ, ಶಾಲೆಯವರು ಮಗಳನ್ನು ಸೇರಿಸಿಕೊಳ್ಳದಾಗ, ಮಗಳು ಹಿಂದೆಯೇ ಆಡುತ್ತಿರುವಾಗಲೇ ಗಟ್ಟಿಯಾಗಿ ಅತ್ತು, ಮುಖ ಒರೆಸಿಕೊಂಡು, ನಗುತ್ತ ತಿರುಗುತ್ತಿದ್ದಳು. ಈಗಲೂ ಹಾಗೇ ಬಾಗಿಲಿಗೆ ಬೆನ್ನು ಹಾಕಿ ಬಾಯಿಬಿಟ್ಟು ಅತ್ತಳು.

ಹೆಗಲ ಮೇಲೆ ಕೈ ಬಿತ್ತು.

ಮಗಳು ಏದುಸಿರು ಬಿಡುತ್ತ ನಿಂತಿದ್ದಳು. ಮಲಗಿದ್ದ ಮಗುವನ್ನು ನೋಡಿದಳು, ಮೈಕನ್ನು ನೋಡಿದಳು, ಅಮ್ಮನ ಒದ್ದೆ ಮುಖ ನೋಡಿದಳು. ಕೈಗಳು ನಿಧಾನವಾಗಿ ಎದ್ದವು.

"ನೀನಾ?"

ಟೈಲರಮ್ಮ ಮುಖ ಒರೆಸಿಕೊಂಡು ನಗಲು ನೋಡಿದಳು. ಆಗಲಿಲ್ಲ.

"ನೀನು ಅಳುವಾಗ ಸದ್ದು ಬರುತ್ತಾ?"

ಹೌದೆಂದು ತಲೆಯಾಡಿಸಿದಳು.

"ಮೊದ್ಲಿಂದ್ಲೂ? ನಾನು ಚಿಕ್ಕವಳಿದ್ದಾಗ್ಲೂ? ನಾನು ಹಿಂದೇನೇ ಇದ್ದಾಗ?"

ಬಾಯಿ ಸುಳ್ಳು ಹೇಳುತ್ತಿತ್ತೇನೋ. ಕೈಗೆ ಆಗಲಿಲ್ಲ. "ಹೂಂ," ಎಂದಿತು.

ಮಗಳು ನೆಲದ ಮೇಲೆ ಕೂತುಬಿಟ್ಟಳು. ಅಮ್ಮನ ಮಂಡಿಯ ಮೇಲೆ ತಲೆಯಿಟ್ಟು, ಅಮ್ಮನಿಗಿಂತಲೂ ಗಟ್ಟಿಯಾಗಿ ಅತ್ತಳು. ಮಗು ಎದ್ದು ಅದೂ ಶುರು ಮಾಡಿತು. ಕೊಟ್ಟಿಗೆಯಿಂದ ಅಳಿಯ ಉಜ್ಜುಗೊರಡು ಹಿಡಿದುಕೊಂಡೇ ಓಡಿ ಬಂದ. ಯಾರನ್ನು ಮೊದಲು ಸಮಾಧಾನ ಮಾಡಬೇಕೋ ತಿಳಿಯದೆ, ಕೊನೆಗೆ ಮಗುವನ್ನು ಎತ್ತಿಕೊಂಡು ಹೊರಗೆ ಹೋದ.

ಎಷ್ಟೋ ಹೊತ್ತಿನ ಮೇಲೆ ಮಗಳು ಮೂಗು ಒರೆಸಿಕೊಂಡು ಎದ್ದು ಕೂತಳು. "ನಿನ್ನ ಮನೇಲೂ ಒಂದು ಮೈಕು ಹಾಕ್ತೀನಿ. ದೀಪ ಇಲ್ಲಿ."

"ಹುಚ್ಚಿ, ಅಷ್ಟು ದೂರಕ್ಕೆ ತಂತಿ ಎಲ್ಲಿಂದ ತರ್ತೀಯ?"

"ತಂತಿ ಇಲ್ದೇನೂ ಆಗುತ್ತಂತೆ. ಅದಕ್ಕೆ ಬೇರೆ ಬಗೆ ಟ್ರಾನ್ಸಿಸ್ಟರ್ ಬೇಕು. ನಾಳೆ ಮೇಷ್ಟ್ರ ಹತ್ರ ಹೋಗೋಣ."

ಟೈಲರಮ್ಮ ಚೀಲದ ಗಂಟು ಬಿಚ್ಚಿ, ಮಡಿಸಿಟ್ಟ ಸೀರೆಯನ್ನು ಹೊರಗೆ ತೆಗೆದಳು. ಹಾಗಾದರೆ ಇವತ್ತೊಂದು ದಿನ ಇದ್ದು, ನಾಳೆ ಅಂಗಡಿಯಿಂದಲೇ ಮನೆಗೆ ಹೋದರಾಯಿತು. "ಮೊದಲನೇದನ್ನ ಈ ಸಲ ನಾನು ಸುಡ್ತೀನಿ," ಎಂದಳು.