ಓದುಗರೊಡನೆ ಮಧ್ಯಾಹ್ನದ ಊಟ

ಕೊಲೆ ತಡವಾಯಿತು ಎಂದ ಮುಗೋಯ. ಅರ್ಧ ಪುಸ್ತಕ ಮುಗಿದರೂ ಒಂದು ಹನಿ ರಕ್ತ ಕಾಣುವುದಿಲ್ಲ, ಓದುವವನ ತಾಳ್ಮೆಗೂ ಒಂದು ಎಲ್ಲೆ ಇದೆ, ಮುಂದಿನ ಕಾದಂಬರಿಯಲ್ಲಾದರೂ ಮೇಷ್ಟ್ರು ಧಾರಾಳವಾಗಿ ಕೊಲ್ಲಬೇಕು ಎಂದು ಹೇಳಿ ತನ್ನ ಮಾತಿಗೆ ತಾನೇ ನಕ್ಕ. ವಿಮೆ ಮಾರುವವನು, ಸಾವಿನ ಬಗ್ಗೆ ಊಟದ ಹೊತ್ತಿನಲ್ಲಿ ಮಾತಾಡುವುದು ಅವನಿಗೆ ರೂಢಿಯಾಗಿತ್ತು.

ಬಲಿಕೋವ ಮುಗುಳ್ನಕ್ಕ. ಪುಸ್ತಕ ಬಂದ ಮೇಲೆ ಕಲಿತ ನಗು ಅದು. ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ.

ಜಿಂಜಾ ಪೇಟೆಯ ಈ ಹೋಟೆಲಿನ ಒಳಕೋಣೆಯಲ್ಲಿ ಓದುಗರ ಕೂಟ ಆಗಾಗ ಸೇರುತ್ತಿತ್ತು. ಈ ಸಲ ಬಲಿಕೋವನ ಕಾದಂಬರಿ. ತರಬೇತಿ ಕಾಲೇಜಿನಲ್ಲಿ ಇತಿಹಾಸ ಹೇಳಿ ಹೇಳಿ ನರೆತ ಮೇಲೆ ಬರೆದ ಮೊದಲ ಕಾದಂಬರಿ. ಒಬ್ಬ ಸಾಧು ಪೋಸ್ಟ್‌ಮಾಸ್ಟರ್, ದಿನವೂ ತನ್ನೊಡನೆ ಚೌಕಾಬಾರ ಆಡಲು ಬರುವ ಪಕ್ಕದ ಮನೆಯವನನ್ನು ಒಂದು ಸಂಜೆ ಕಾರಣವಿಲ್ಲದೆ ಕೊಲ್ಲುತ್ತಾನೆ. ಮರುದಿನ ಎಂದಿನಂತೆ ಅಂಚೆಗೆ ಮುದ್ರೆ ಒತ್ತುತ್ತಾನೆ. ಊರಿನಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಕಂಪಾಲಾದ ಪತ್ರಿಕೆಯೊಂದು ಇದನ್ನು ಮನಸ್ಸಿನ ಕತ್ತಲೆಗೆ ಹಿಡಿದ ದೀಪವೆಂದಿತ್ತು. ಇನ್ನೊಂದು ಅದೇ ವಾರ ಇದು ರೋಗಿಷ್ಠ ಬರಹವೆಂದಿತ್ತು. ಬಲಿಕೋವನಿಗೆ ಎರಡೂ ಇಷ್ಟವಾಗಿದ್ದವು. ಅವನ ಹೆಂಡತಿ ಓದಿ ಮುಗಿಸಿ, ಅಕ್ಷರ ದಪ್ಪ ಇದೆ, ಕಣ್ಣಿಗೆ ಸುಖ ಎಂದಿದ್ದಳು. ಅಂದಿನಿಂದ ಮಕ್ಕಳ ಕೋಣೆಯಲ್ಲಿ ಮಲಗುತ್ತಿದ್ದಳು. ಸೆಕೆ ಎಂದು ಕಾರಣ.

ಎದುರಿಗೆ ಕೂತ ನೈಗಾಗಮ್ಮ ಪುಸ್ತಕವನ್ನು ಮಗುಚಿ ಇಟ್ಟಿದ್ದಳು. ನಿವೃತ್ತ ಸೂಲಗಿತ್ತಿ ನರ್ಸು. ಪೇಟೆಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು, ಮುಗೋಯ ಕೂಡ. ದೀಪ ಆರಿಸದೆ ಓದಿದೆ, ಅರ್ಧಕ್ಕೆ ನಿಲ್ಲಿಸಿ ಬೈಬಲ್ ತೆಗೆದೆ, ಮತ್ತೆ ಇದಕ್ಕೇ ಬಂದೆ ಎಂದು ಅವಳು ಅಪರಾಧ ಒಪ್ಪಿಕೊಳ್ಳುವವಳಂತೆ ಹೇಳಿದಳು. ಆಮೇಲೆ ಅವನ ಬೆರಳುಗಳನ್ನು ನೋಡಿದಳು.

"ಇದನ್ನ ಬರೆದ ಕೈಯಲ್ಲೇ ಊಟ ಮಾಡ್ತೀರಲ್ಲ ಮೇಷ್ಟ್ರೇ, ಹೇಗೆ ಸೇರುತ್ತೆ ನಿಮಗೆ?"

ಎಲ್ಲರೂ ನಕ್ಕರು. ನೈಗಾಗಮ್ಮ ನಗಲಿಲ್ಲ.

ಮೂರನೆಯವಳು ಮುತೇಸಿ, ಎಳೆಯ ವಕೀಲೆ. ಪುಸ್ತಕದ ತುಂಬ ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದಳು. ಭಾಷೆ ಚೆಂದ, ಊರು ಚೆಂದ, ಕೊಲೆ ಮಾತ್ರ ಸುಳ್ಳು ಎಂದಳು.

"ಕಾರಣ ಇಲ್ದೆ ಯಾರೂ ಕೊಲ್ಲಲ್ಲ ಸರ್. ಒಂದಿನ ನಮ್ಮ ಕೋರ್ಟಿಗೆ ಬನ್ನಿ. ಜಮೀನು, ಹೆಂಗಸು, ಹೊಟ್ಟೆಕಿಚ್ಚು, ಏನೋ ಒಂದು ಇದ್ದೇ ಇರುತ್ತೆ. ನಿಮ್ಮ ಪೋಸ್ಟ್‌ಮಾಸ್ಟರಿಗೆ ಏನಿತ್ತು?"

ಈ ಪ್ರಶ್ನೆಗೆ ಬಲಿಕೋವನ ಬಳಿ ಸಿದ್ಧ ಉತ್ತರವಿತ್ತು. ರೇಡಿಯೋದಲ್ಲಿ ಹೇಳಿ ಮೆಚ್ಚುಗೆ ಪಡೆದದ್ದು. ಒಳ್ಳೆಯವನಾಗಿರುವುದು ಎಂದರೆ ಕೆಡುಕು ಮಾಡಲು ಅವಕಾಶ ಸಿಗದಿರುವುದು, ಅಷ್ಟೇ. ಹೇಳಲು ಬಾಯಿ ತೆರೆದಾಗ ಬೀದಿಯಿಂದ ಕೂಗು ಕೇಳಿತು. ಕಳ್ಳ ಎಂಬ ಒಂದೇ ಪದ. ಒಬ್ಬನ ಬಾಯಿಂದ ಹೊರಟದ್ದು ನೋಡನೋಡುತ್ತಿದ್ದಂತೆ ಇಡೀ ಬೀದಿಯದಾಯಿತು. ಅಂಗಡಿಗಳ ಕಬ್ಬಿಣದ ಬಾಗಿಲುಗಳು ದಡದಡ ಇಳಿದವು.

ಮುಗೋಯ ಎಲ್ಲರಿಗಿಂತ ಮೊದಲು ಎದ್ದ. ಉಳಿದವರು ಹಿಂದೆ ಹೋದರು. ಬಲಿಕೋವನೂ ಹೋದ. ಒಬ್ಬನೇ ಕೂತಿದ್ದರೆ ಚೆನ್ನಾಗಿ ಕಾಣುವುದಿಲ್ಲ ಎಂಬುದಷ್ಟೇ ಅವನ ಮನಸ್ಸಿನಲ್ಲಿದ್ದದ್ದು.

ಹೋಟೆಲಿನ ಮೆಟ್ಟಿಲಿನ ಕೆಳಗೇ ಕಳ್ಳನೆನಿಸಿಕೊಂಡವನನ್ನು ಹಿಡಿದಿದ್ದರು. ಜನರನ್ನು ಕೂರಿಸಿಕೊಂಡು ಓಡಿಸುವ ಬಾಡಿಗೆ ಬೈಕಿನವರು ಸುತ್ತುಗಟ್ಟಿದ್ದರು. ಅವರ ಹಿಂದೆ ಬಾಳೆಕಾಯಿ ಮಾರುವವರು, ಸೂಟು ತೊಟ್ಟ ಇಬ್ಬರು, ಶಾಲೆಯ ಸಮವಸ್ತ್ರದ ಹುಡುಗಿಯರು. ನಡುವಿನ ಮನುಷ್ಯ ಕಳ್ಳನ ಹಾಗಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಾಲಿಶ್ ಹಾಕಿದ ಬೂಟು. ಬೇರೆಯವರ ಬೈಕಿನ ಮೇಲೆ ಕೂತು ಬೀಗಕ್ಕೆ ಕೀಲಿ ತುರುಕುತ್ತಿದ್ದನಂತೆ. ನನ್ನದೂ ಇದೇ ಬಣ್ಣದ್ದು, ಅಲ್ಲೇ ಎಲ್ಲೋ ನಿಲ್ಲಿಸಿದ್ದೆ, ಗುರುತು ತಪ್ಪಿತು ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ಅವನ ಬೈಕನ್ನು ಹುಡುಕಲು ಯಾರೂ ಹೋಗಲಿಲ್ಲ.

ಮೊದಲ ಏಟು ಹೆಲ್ಮೆಟ್ಟಿನಿಂದ ಬಿತ್ತು. ಬಲಿಕೋವ ಅದರ ಸದ್ದು ಕೇಳಿ ಬೆಚ್ಚಿದ. ಅಷ್ಟು ಚಿಕ್ಕ ಸದ್ದು. ತಂಬಿಗೆಯನ್ನು ನೆಲಕ್ಕೆ ಕುಕ್ಕಿದ ಹಾಗೆ. ಕಾದಂಬರಿಯಲ್ಲಿ ಅವನು ಮರ ಸೀಳುವ ಸದ್ದು ಎಂದು ಬರೆದಿದ್ದ. ತಪ್ಪು ಬರೆದೆ ಎನಿಸಿತು. ಅವನಿಗೆ ಮೊದಲು ಹೊಳೆದದ್ದು ಅದೇ. ಆ ಮನುಷ್ಯನ ನೋವು ಆಮೇಲೆ ಬಂತು, ಅದೂ ಬಂತೋ ಇಲ್ಲವೋ.

ಮುತೇಸಿ ಪೊಲೀಸರಿಗೆ ಫೋನು ಮಾಡುತ್ತಿದ್ದಳು. ಯಾರೂ ಎತ್ತುತ್ತಿರಲಿಲ್ಲ. ಕಾನೂನು, ಕಾನೂನು ಎಂದು ಅವಳು ಎರಡು ಸಲ ಕೂಗಿದಳು; ಬೈಕಿನವನೊಬ್ಬ, ಅಕ್ಕಾ ಬದಿಗೆ ನಿಂತ್ಕೊಳ್ಳಿ, ಬಟ್ಟೆ ಕೊಳೆಯಾಗುತ್ತೆ ಎಂದು ಮರ್ಯಾದೆಯಿಂದ ಹೇಳಿದ. ಅವಳು ಬದಿಗೆ ನಿಂತಳು.

ರಕ್ತ ಬೇಕೆಂದ ಮುಗೋಯ ಕಂಬಕ್ಕೆ ಹಣೆ ಒತ್ತಿ ವಾಂತಿ ಮಾಡುತ್ತಿದ್ದ.

ನೈಗಾಗಮ್ಮ ಮಾತ್ರ ಮೆಟ್ಟಿಲಿಳಿದಳು. ಬಿಡಿಸಲು ಹೋದಳು ಎಂದು ಬಲಿಕೋವ ಅಂದುಕೊಂಡ. ಜನ ದಾರಿ ಬಿಟ್ಟರು. ಅವಳ ತಂಗಿಯ ಮಗನೂ ಬಾಡಿಗೆ ಬೈಕಿನವನೇ. ಹೋದ ವರ್ಷ ಅವನನ್ನು ಸವಾರಿಗೆಂದು ಕರೆದೊಯ್ದವರು ಬೆಲ್ಟಿನಿಂದ ಕತ್ತು ಬಿಗಿದು, ಹೆಣವನ್ನು ಕಬ್ಬಿನ ಗದ್ದೆಗೆಸೆದು ಬೈಕು ಒಯ್ದಿದ್ದರು. ಅದು ಪೇಟೆಗೆಲ್ಲ ಗೊತ್ತಿತ್ತು. ಅವಳು ಬಗ್ಗಿ ಕಾಲಿನ ಚಪ್ಪಲಿ ತೆಗೆದಳು. ಹೊಡೆದಳು. ಅವಸರವಿಲ್ಲದೆ, ಚಾಪೆಯ ಧೂಳು ಝಾಡಿಸುವವಳಂತೆ, ಮುಖಕ್ಕೇ ಹೊಡೆದಳು.

ಆ ಮನುಷ್ಯ ಕುಸಿದ. ತೆವಳುತ್ತ ಮೆಟ್ಟಿಲ ಕಡೆ ಬಂದ. ಒಂದು ಕಣ್ಣು ಮುಚ್ಚಿಹೋಗಿತ್ತು. ಇನ್ನೊಂದರಿಂದ ಮೇಲೆ ನೋಡಿದ. ನೋಟ ಬಲಿಕೋವನ ಮೇಲೆ ನಿಂತಿತು.

"ಮೇಷ್ಟ್ರೇ. ನಾನು ನಿಮಗೆ ಗೊತ್ತು. ಹೇಳಿ ಇವರಿಗೆ."

ಏಟುಗಳು ನಿಂತವು. ಹೋಟೆಲಿನ ಒಲೆಯ ಮೇಲೆ ಏನೋ ಕುದಿಯುವುದು ಕೇಳಿತು. ಹೆಲ್ಮೆಟ್ ಹಿಡಿದವನು ಬಲಿಕೋವನ ಕಡೆ ತಿರುಗಿದ. ಸಭ್ಯ ಮುಖ, ಬೆವರಿತ್ತು.

"ಗೊತ್ತಾ ಇವನು ನಿಮಗೆ?"

ಬಲಿಕೋವ ಕೆಳಗಿನ ಮುಖವನ್ನು ನೋಡಿದ. ಅದು ಮುಖವಾಗಿ ಉಳಿದಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಎಷ್ಟೋ ಮಂದಿ ತರಗತಿಯಲ್ಲಿ ಅವನ ಮುಂದೆ ಕೂತು ಎದ್ದು ಹೋಗಿದ್ದರು. ಈ ದನಿಯನ್ನು ಎಲ್ಲೋ ಕೇಳಿದ್ದೇನೆ ಎನಿಸಿತು. ಯಾರ ದನಿ ಕೇಳಿದರೂ ಹಾಗೇ ಅನಿಸುತ್ತದೆ. ಗೊತ್ತು ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಹೆಸರೇನು, ಯಾವ ಊರು. ಉತ್ತರ ತಪ್ಪಿದರೆ ತಾನು ಕಳ್ಳನ ಕಡೆಯವನು. ಗೊತ್ತಿಲ್ಲ ಎಂಬುದು ಸುಳ್ಳೇನೂ ಅಲ್ಲ. ಇತಿಹಾಸದ ಮೇಷ್ಟ್ರು, ಆಧಾರವಿಲ್ಲದೆ ಯಾವುದನ್ನೂ ಹೇಳುವಂತಿಲ್ಲ.

"ಗೊತ್ತಿಲ್ಲ," ಎಂದ.

ಬಿದ್ದಿದ್ದವನ ಕೈ ಮುಂದೆ ಬಂದು ಅವನ ಕಾಲನ್ನು ಹಿಡಿಯಿತು. ಬಿಗಿಯಾದ, ಬಿಸಿಯಾದ ಕೈ. ಕಾಲುಚೀಲದ ಮೇಲೆ ತೇವ ಹತ್ತಿತು. ಬಲಿಕೋವ ಕಾಲನ್ನು ಎಳೆದುಕೊಳ್ಳಲು ನೋಡಿದ. ಬರಲಿಲ್ಲ. ಮತ್ತೆ ಜೋರಾಗಿ ಬಿಡಿಸಿಕೊಂಡ, ಬೂಟಿನ ತುದಿ ಯಾವುದಕ್ಕೋ ತಾಗಿತು, ಮೆತ್ತಗಿನ ಒಂದರ ಹಿಂದೆ ಗಟ್ಟಿಯಾದ ಒಂದು ಇತ್ತು. ಹಲ್ಲಿರಬೇಕು. ಕೈ ಬಿಟ್ಟಿತು.

ಗುಂಪಿನಿಂದ ಯಾರೋ ಭುಜ ತಟ್ಟಿದರು. "ಸರಿಯಾಗಿ ಕೊಟ್ರಿ ಮೇಷ್ಟ್ರೇ."

ಒದೆಯಲಿಲ್ಲ, ಬಿಡಿಸಿಕೊಂಡೆ ಎಂದು ಹೇಳಬೇಕೆನಿಸಿತು. ಯಾರಿಗೆ ಹೇಳುವುದು? ಎಲ್ಲರೂ ಮತ್ತೆ ಕೆಲಸಕ್ಕೆ ಬಾಗಿದ್ದರು. ಈಗ ಕೈಗಳಲ್ಲಿ ಕಲ್ಲುಗಳಿದ್ದವು. ಮತ್ತೂ ಒಂದು ಸಂಗತಿ ಅವನನ್ನು ಕಾಡಿತು. ಎರಡನೆಯ ಸಲ ಎಳೆದಾಗ ಕಾಲು ಹಿಂದಕ್ಕೆ ಹೋಗಬೇಕಿತ್ತು. ಅದು ಮುಂದಕ್ಕೆ ಹೋಗಿತ್ತು. ಆ ಗಳಿಗೆಯಲ್ಲಿ ಹೊಟ್ಟೆಯೊಳಗೆ ಏನೋ ಸಡಿಲಾಗಿ ಸುಖವಾಗಿತ್ತು, ಬಹಳ ಹೊತ್ತು ಕಟ್ಟಿಕೊಂಡಿದ್ದ ಮೂತ್ರ ಹೋದ ಹಾಗೆ.

ಪೊಲೀಸರ ಪಿಕಪ್ ಬಂದಾಗ ಬೀದಿಯಲ್ಲಿ ಹೊಡೆದವರು ಯಾರೂ ಇರಲಿಲ್ಲ. ಇದ್ದವರೆಲ್ಲ ತಾವು ಆಗಷ್ಟೇ ಬಂದವರೆಂದರು. ನೈಗಾಗಮ್ಮ ಮಾತ್ರ ಅಲ್ಲೇ ಕುಕ್ಕರಗಾಲಲ್ಲಿ ಕೂತು, ಬಿದ್ದವನ ಕತ್ತಿನ ಮೇಲೆ ಎರಡು ಬೆರಳಿಟ್ಟು ನಾಡಿ ನೋಡುತ್ತಿದ್ದಳು. ಬದುಕೆಲ್ಲ ಮಾಡಿದ ಕೆಲಸ. ಬೆರಳುಗಳು ತಾವಾಗಿ ಜಾಗ ಹುಡುಕಿಕೊಂಡಿದ್ದವು. ಇನ್ನೊಂದು ಕೈಯಲ್ಲಿ ಚಪ್ಪಲಿ. ಪೊಲೀಸಿನವರು ಅವನನ್ನು ಕೈಕಾಲು ಹಿಡಿದು ಗಾಡಿಗೆ ಎಸೆದರು. ಅವಳು ಎದ್ದು, ಚಪ್ಪಲಿ ಮೆಟ್ಟಿ, ಹೋಟೆಲಿನ ಒಳಗೆ ಬಂದಳು.

ಜೀವ ಇದೆಯಾ ಎಂದು ಮುತೇಸಿ ಸಣ್ಣ ದನಿಯಲ್ಲಿ ಕೇಳಿದಳು.

"ಊಟ ತಣ್ಣಗಾಗುತ್ತೆ, ಬನ್ನಿ," ಎಂದಳು ನೈಗಾಗಮ್ಮ.

ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಸಾರು, ಕರಿದ ಮೀನು ಬಂದವು. ಎಲ್ಲರೂ ಕೈ ತೊಳೆದರು. ಮಾಣಿ ಜಗ್ಗಿನಿಂದ ನೀರು ಹೊಯ್ಯುತ್ತಿದ್ದಾಗ ನೈಗಾಗಮ್ಮ ಬೆರಳ ಸಂದುಗಳನ್ನೂ ಉಗುರುಗಳನ್ನೂ ಹೆರಿಗೆ ಕೋಣೆಯಲ್ಲಿ ತೊಳೆದಂತೆ ತೊಳೆದಳು. ಮುಗೋಯ ಮೀನು ಬೇಡವೆಂದ. ಸ್ವಲ್ಪ ಹೊತ್ತಾದ ಮೇಲೆ ತಿಂದ.

ಬಲಿಕೋವ ತಿಂದ. ಸೇರಿತು.

ಯಾರಾದರೂ ಅದರ ಬಗ್ಗೆ ಮಾತೆತ್ತುತ್ತಾರೆ ಎಂದು ಅವನು ಕಾದ. ತನ್ನನ್ನು ಕೇಳುತ್ತಾರೆ, ಒದೆಯಲಿಲ್ಲ ಎಂದು ಹೇಳಬಹುದು. ಮುತೇಸಿ ಹಳದಿ ಚೀಟಿಗಳನ್ನು ತಿರುವಿ, ಕೊನೆಯ ಅಧ್ಯಾಯಕ್ಕೆ ಬರೋಣವೇ ಎಂದಳು. ಕೊಲೆಯಾದ ಮೇಲೆ ಪೋಸ್ಟ್‌ಮಾಸ್ಟರ್ ಅಷ್ಟು ನೆಮ್ಮದಿಯಿಂದ ಊಟ ಮಾಡುವುದು ಸಾಧ್ಯವೇ ಇಲ್ಲ, ಅಲ್ಲಿ ಪುಸ್ತಕ ಸೋಲುತ್ತದೆ ಎಂದಳು. ಮುಗೋಯ ಒಪ್ಪಿದ. ಯಾವ ಮನುಷ್ಯನಿಗಾದರೂ ಮನಸ್ಸಾಕ್ಷಿ ಅಂತ ಒಂದಿರುತ್ತದೆ, ಓದುಗ ಅದನ್ನು ಹುಡುಕುತ್ತಾನೆ ಎಂದ. ಐದರಲ್ಲಿ ಮೂರು ನಕ್ಷತ್ರ ಕೊಡಬಹುದು ಎಂದ.

ನೈಗಾಗಮ್ಮ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.

"ನನಗೆ ಆ ಭಾಗ ನಿಜ ಅನ್ನಿಸ್ತು," ಎಂದಳು. "ಅದಕ್ಕೇ ನಿದ್ದೆ ಬರಲಿಲ್ಲ. ಮೇಷ್ಟ್ರೇ, ನೀವೇ ಹೇಳಿ. ಯಾಕೆ ಕೊಂದ ಅವನು?"

ಒಳ್ಳೆಯವನಾಗಿರುವುದು ಎಂದರೆ, ಎಂದು ಬಲಿಕೋವ ಆರಂಭಿಸಿದ. ರೇಡಿಯೋದಲ್ಲಿ ಹೇಳಿದ್ದ ಮಾತು ನಾಲಿಗೆಯ ಮೇಲೆ ಇತ್ತು. ನೀರು ಕುಡಿದ. ಬರೆಯುವಾಗ ಗೊತ್ತಿತ್ತು, ಈಗ ಮರೆತಿದೆ ಎಂದ. ಮುಗೋಯ ಜೋರಾಗಿ ನಕ್ಕ. ದೊಡ್ಡ ಲೇಖಕರೆಲ್ಲ ಹೀಗೇ ಜಾರಿಕೊಳ್ಳುತ್ತಾರೆ ಎಂದ.

ಹೊರಡುವ ಮುಂಚೆ ಒಂದು ಫೋಟೋ ಆಗಬೇಕು ಎಂದಳು ಮುತೇಸಿ. ಕೂಟದ ಪದ್ಧತಿಯೊಂದಿತ್ತು: ತಂತಮ್ಮ ಮುಖ ತೋರಿಸದೆ ಪುಸ್ತಕವನ್ನೇ ಮುಖಕ್ಕೆ ಹಿಡಿದು ನಿಲ್ಲುವುದು. ಮುಖಪುಟದ ಮೇಲೆ ಕಣ್ಣು ಬಾಯಿ ಇಲ್ಲದ ಗಂಡಸಿನ ಮುಖವಿತ್ತು. ಎತ್ತಿ ಹಿಡಿದರೆ ಯಾರ ಕತ್ತಿನ ಮೇಲಾದರೂ ಸರಿಯಾಗಿ ಕೂರುತ್ತಿತ್ತು. ಮಾಣಿಯ ಕೈಗೆ ಫೋನು ಕೊಟ್ಟರು. ನಾಲ್ವರೂ ಗೋಡೆಗೆ ಬೆನ್ನು ಹಾಕಿ ಸಾಲಾಗಿ ನಿಂತರು.

ಬಲಿಕೋವ ಪುಸ್ತಕ ಎತ್ತಿ ಹಿಡಿದ. ಕತ್ತಲೆ. ಹೊಸ ಕಾಗದದ ವಾಸನೆ, ತನ್ನದೇ ಉಸಿರಿನ ಬಿಸಿ. ಹೊರಗೆ ಯಾರೋ ಬಕೆಟ್ಟಿನಿಂದ ನೀರು ಸುರಿದು ಬೀದಿ ಗುಡಿಸುತ್ತಿದ್ದರು. ಆ ಕತ್ತಲೆಯಲ್ಲಿ ದನಿ ಮತ್ತೆ ಕೇಳಿತು, ಮೇಷ್ಟ್ರೇ ಎಂದು. ಅದರ ಹಿಂದೆ ತರಗತಿಯ ಕಿಟಕಿಯ ಪಕ್ಕದ ಒಂದು ಬೆಂಚು, ಬೆಂಚಿನಲ್ಲಿ ಒಬ್ಬ ಹುಡುಗ, ಮೆಲ್ಲಗೆ ಅವನ ಹೆಸರಿನ ಮೊದಲ ಅಕ್ಷರ. ತುಟಿ ಅದನ್ನು ಉಚ್ಚರಿಸಲು ಹೊರಟಿತು.

"ಯಾರೂ ಅಲುಗಾಡಬೇಡಿ," ಎಂದಳು ಮುತೇಸಿ ತನ್ನ ಪುಸ್ತಕದ ಹಿಂದಿನಿಂದ.

ಮಾಣಿಗೆ ಆ ಫೋನು ಹೊಸದು. ಎಲ್ಲಿ ಒತ್ತಬೇಕೆಂದು ಹುಡುಕುತ್ತಿದ್ದ. ಗೋಡೆಯ ಮುಂದೆ ಒಂದೇ ಮುಖದ ನಾಲ್ವರು ಅಲುಗಾಡದೆ ನಿಂತೇ ಇದ್ದರು.