ಹೋಳು ಕರಗಬಾರದು

ಇಂಡಿ ಊರಿನಲ್ಲಿ ಬಾಳೆಹಣ್ಣು ಕೊಂಡರೆ ಪೂಜೆಗೆ ಎಂದುಕೊಳ್ಳುತ್ತಾರೆ. ದಾಳಿಂಬೆ ಕೊಂಡರೆ ಬೀಗರು ಬಂದಿರಬೇಕು ಎಂದುಕೊಳ್ಳುತ್ತಾರೆ. ಸೇಬು ಕೊಂಡರೆ ಮಾತ್ರ ನಿಲ್ಲಿಸಿ ಕೇಳುತ್ತಾರೆ, ಯಾರಿಗೆ ಆರಾಮಿಲ್ಲ ಎಂದು.

ಜಯಮಾಲಾ ಒಂಬತ್ತು ದಿನಗಳಲ್ಲಿ ಮೂರನೆಯ ಸಲ ಜುಲ್ಫಿಕರನ ಹಣ್ಣಿನ ಗಾಡಿಯ ಮುಂದೆ ನಿಂತು ಒಂದು ಕಿಲೋ ಸೇಬು ಕೇಳಿದಳು.

"ಅಕ್ಕಾರ, ಬಸಂತರಾಯ ಅಣ್ಣಾರಿಗೇನರೆ ಆಗೇತೇನ್ರಿ?" ಎಂದ ಜುಲ್ಫಿಕರ.

"ಅವರು ಆರಾಮ ಅದಾರ. ಈಗ ಅಂಗಡಿಗೆ ಹೋದ್ರು."

"ಮತ್ತ ಅವ್ವಾರು?"

"ಅವರೂ ಆರಾಮ ಅದಾರ. ನೀ ಹಣ್ಣ ತೂಗಪಾ."

"ಆರಾಮ ಇದ್ದ ಮನಿಗೆ ಮೂರ ಕಿಲೋ ಸೇಬ ಹೋಗಿದ್ದು ನಾ ಇವತ್ತಿನ ತನಕ ನೋಡಿಲ್ರಿ," ಎಂದು ಜುಲ್ಫಿಕರ ಒಂದೊಂದೇ ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಆರಿಸಿ ತಕ್ಕಡಿಗೆ ಹಾಕಿದ. ಬೇರೆ ಗಿರಾಕಿಗಳಿಗೆ ಅವನು ಇಷ್ಟು ಹೊತ್ತು ಕೊಡುತ್ತಿರಲಿಲ್ಲ. ಜಯಮಾಲಾ ಅದನ್ನು ಗಮನಿಸಿದಳು, ಒಳ್ಳೆಯ ಹುಡುಗ ಎಂದುಕೊಂಡು ಮನೆಗೆ ನಡೆದಳು.

ಮನೆಯಲ್ಲಿ ನಿಜವಾಗಿ ಯಾರಿಗೂ ರೋಗವಿರಲಿಲ್ಲ. ಅವಳ ಅತ್ತೆ ಸಿದ್ದಲಿಂಗವ್ವನ ಬಾಯಲ್ಲಿ ಹಲ್ಲುಗಳಿರಲಿಲ್ಲ, ಅಷ್ಟೇ.

ಸಿದ್ದಲಿಂಗವ್ವನಿಗೆ ಎಪ್ಪತ್ತೊಂದು ವರ್ಷ. ಉಳಿದಿದ್ದ ಹನ್ನೊಂದು ಹಲ್ಲುಗಳೂ ಅಲ್ಲಾಡತೊಡಗಿದಾಗ ಸೊಲ್ಲಾಪುರದ ದಂತವೈದ್ಯರು ಎರಡು ಸಲ ಕೂರಿಸಿ ಎಲ್ಲವನ್ನೂ ತೆಗೆದರು. ಒಸಡು ಆರಿ ಗಟ್ಟಿಯಾಗಲು ಎರಡು ತಿಂಗಳು ಬೇಕು, ಆಮೇಲೆ ಹಲ್ಲಿನ ಸೆಟ್ ಮಾಡೋಣ ಎಂದರು. ಈ ಸಂಗತಿ ಮಗ ಬಸಂತರಾಯ ಮತ್ತು ಸೊಸೆ ಜಯಮಾಲಾ ಇಬ್ಬರಿಗೆ ಮಾತ್ರ ಗೊತ್ತಿತ್ತು. ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಇಬ್ಬರಿಂದಲೂ ಅವಳು ದೇವರ ಜಗಲಿಯ ಮುಂದೆ ಮಾತು ತೆಗೆದುಕೊಂಡಿದ್ದಳು.

ಇದಕ್ಕೆ ಕಾರಣ ಮೂರು ಮನೆ ಆಚೆಯ ಮಲಿಕಸಾಬ. ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಲಿಂಬೆಯ ಹರಾಜಿನ ಸವಾಲು ಕೂಗಿದ ಮನುಷ್ಯ. ಹನ್ನೆರಡು ವರ್ಷದ ಹಿಂದೆ ಅವನು ಹಲ್ಲಿನ ಸೆಟ್ ಹಾಕಿಸಿಕೊಂಡಾಗ ಮೊದಲ ಕೆಲವು ತಿಂಗಳು ಮಾತಿನ ನಡುವೆ ಸೀಟಿ ಬರುತ್ತಿತ್ತು. ಓಣಿಯ ಕಟ್ಟೆಯ ಮೇಲೆ ಹತ್ತು ಮಂದಿ ಕೂತಿದ್ದಾಗ ಸಿದ್ದಲಿಂಗವ್ವ, "ಮಲಿಕಸಾಬಣ್ಣ, ಸವಾಲ ಕೂಗಾಕತ್ತೀಯೋ, ಕುಕ್ಕರ ಇಟ್ಟೀಯೋ?" ಎಂದಿದ್ದಳು. ಆ ದಿನದಿಂದ ಅವನು ಸೀಟಿ ಮಲಿಕಸಾಬ. ಸೀಟಿ ನಿಂತು ಹನ್ನೊಂದು ವರ್ಷವಾದರೂ ಹೆಸರು ನಿಂತಿರಲಿಲ್ಲ. ಈಗ ತನ್ನ ಬಾಯಿ ಬೋಳಾಗಿದ್ದು ಗೊತ್ತಾದರೆ ಆ ಮಾತು ಬಡ್ಡಿ ಸಮೇತ ತಿರುಗಿ ಬರುತ್ತದೆ ಎಂಬುದು ಅವಳ ಲೆಕ್ಕ. ಹೀಗಾಗಿ ಅವಳು ಕಟ್ಟೆಗೆ ಹೋಗುವುದನ್ನು ಬಿಟ್ಟಳು. ಬಾಗಿಲಿಗೆ ಯಾರಾದರೂ ಬಂದರೆ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ತಲೆಯಷ್ಟೇ ಆಡಿಸುತ್ತಿದ್ದಳು.

ಮಾತು ಬಿಟ್ಟಿದ್ದನ್ನು ಜಯಮಾಲಾ ಹೇಗೋ ಸಹಿಸಿಕೊಂಡಳು. ಊಟ ಬಿಟ್ಟಿದ್ದನ್ನು ಸಹಿಸುವುದು ಆಗಲಿಲ್ಲ. ಸಿದ್ದಲಿಂಗವ್ವ ಕಡಕ್ ರೊಟ್ಟಿ ಮುರಿದರೆ ಪಕ್ಕದ ಮನೆಗೆ ಕೇಳುತ್ತಿತ್ತು. ಅಂಥವಳ ಮುಂದೆ ಗಂಜಿ, ಅಂಬಲಿ, ಮೆತ್ತನೆಯ ಅನ್ನ ತಂದಿಟ್ಟರೆ, "ಇದು ಹಾಸಗಿ ಹಿಡದವರ ಕೂಳು. ನಾ ಹಾಸಗಿ ಹಿಡದಿಲ್ಲ," ಎಂದು ಎರಡು ಚಮಚಕ್ಕೆ ತಟ್ಟೆ ಸರಿಸುತ್ತಿದ್ದಳು. ಮೊದಲ ಸಲ ಸೊಲ್ಲಾಪುರಕ್ಕೆ ಹೋದಾಗ ಐವತ್ನಾಲ್ಕು ಕಿಲೋ ಇದ್ದವಳು ಮೂರು ವಾರದ ನಂತರ ಒಸಡು ತೋರಿಸಲು ಹೋದಾಗ ನಲವತ್ತೊಂಬತ್ತು ಇದ್ದಳು.

ಅಂದು ವಾಪಸು ಬರುವಾಗ ಹೆದ್ದಾರಿಯ ಬದಿಯ ಹೊಸ ರೆಸ್ಟೋರೆಂಟಿನಲ್ಲಿ ಚಹಾಕ್ಕೆ ನಿಂತರು. ಮೆನುವಿನ ಕೊನೆಯ ಪುಟದಲ್ಲಿ ಫ್ರೈಡ್ ಆ್ಯಪಲ್ ಎಂದಿತ್ತು, ಪಕ್ಕದಲ್ಲಿ ಚಿತ್ರವೂ ಇತ್ತು. ಮೆತ್ತಗೆ ಕಾಣುತ್ತದೆ ಎಂದು ಜಯಮಾಲಾ ಒಂದು ಪ್ಲೇಟು ತರಿಸಿದಳು. ಸಿಪ್ಪೆ ತೆಗೆದ ಸೇಬಿನ ಹೋಳುಗಳು, ಕಿರುಬೆರಳಿನ ದಪ್ಪ, ಬೆಣ್ಣೆಯಲ್ಲಿ ಹುರಿದು ಸಕ್ಕರೆಯ ಪಾಕದಲ್ಲಿ ಹೊಳೆಯುತ್ತಿದ್ದವು. ದಾಲ್ಚಿನ್ನಿಯ ವಾಸನೆ. ಸಿದ್ದಲಿಂಗವ್ವ ಒಂದು ಹೋಳನ್ನು ಬಾಯಿಗಿಟ್ಟುಕೊಂಡು ಒಸಡಿನಿಂದ ಒತ್ತಿದಳು. ಅದು ಮುರಿಯಿತು. ಕರಗಲಿಲ್ಲ, ಮುರಿಯಿತು. ಅವಳು ಎರಡನೆಯದನ್ನೂ ಮೂರನೆಯದನ್ನೂ ತಿಂದು, ಸೆರಗಿನ ಹಿಂದಿನಿಂದ, "ಇನ್ನೊಂದ ಹೇಳ," ಎಂದಳು. ಮೂರು ವಾರಗಳಲ್ಲಿ ಅವಳು ಕೇಳಿ ತಿಂದ ಮೊದಲ ಪದಾರ್ಥ ಅದು.

ಏನೇನು ಹಾಕುತ್ತೀರಿ ಎಂದು ಜಯಮಾಲಾ ವೇಟರನನ್ನು ಕೇಳಿದಳು. ಸೇಬು, ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಪುಡಿ, ಲಿಂಬೆರಸ, ಚಿಟಿಕೆ ಉಪ್ಪು ಎಂದ. ಐದು ನಿಮಿಷದ ಕೆಲಸ ಎಂದು ಅವಳು ಅಂದುಕೊಂಡಳು.

ಮೊದಲ ಕಿಲೋವನ್ನು ಅವಳು ಬೋಗಾಣಿಗೆ ಹಾಕಿ, ತಳ ಹತ್ತಬಾರದೆಂದು ಸೌಟಿನಿಂದ ಬಿಡದೆ ತಿರುವಿದಳು. ಇಪ್ಪತ್ತೆರಡು ವರ್ಷ ಹೋಳಿಗೆಯ ಹೂರಣ ತಿರುವಿದ ಕೈ ಅದು. ಒಂದು ಹರಳೂ ಉಳಿಯಬಾರದು ಎಂದು ಕಲಿತ ಕೈಗೆ ಹೋಳು ಉಳಿಸುವುದು ಗೊತ್ತಿರಲಿಲ್ಲ. ತಟ್ಟೆಗೆ ಬಂದದ್ದು ಮುದ್ದೆ.

ಸಿದ್ದಲಿಂಗವ್ವ ಬೆರಳಿನಿಂದ ಮುಟ್ಟಿ ನೋಡಿದಳು. "ಗಂಜಿಗೆ ಬೆಲ್ಲ ಹಾಕೀದಿ."

ಎರಡನೆಯ ಕಿಲೋಕ್ಕೆ ಅಗಲವಾದ ತವೆ ತೆಗೆದಳು. ಕೈ ಆಡಿಸಲೇ ಇಲ್ಲ. ಹತ್ತು ನಿಮಿಷದಲ್ಲಿ ಹೋಳುಗಳು ತಾವಾಗಿಯೇ ಕುಸಿದವು. ಮೂರನೆಯ ಕಿಲೋವನ್ನು ಬೇಗನೆ ಇಳಿಸಿದಳು. ಅಂಚು ಮುದ್ದೆ, ನಡುವೆ ಹಸಿ. ಮೂರನ್ನೂ ಬಸಂತರಾಯ ಚಪಾತಿಯೊಂದಿಗೆ ತಿಂದು ಮುಗಿಸಿದ.

"ಛಲೋ ಐತಲ್ಲ," ಎಂದ ಅವನು ಮೂರನೆಯ ದಿನವೂ.

"ನಿಮಗ ಮೋಟರ ಗ್ರೀಸ ಹಚ್ಚಿ ಕೊಟ್ರೂ ಛಲೋ ಐತಿ ಅಂತೀರಿ," ಎಂದಳು ಜಯಮಾಲಾ. ಅವನದು ಪಂಪ್‌ಸೆಟ್ ಮೋಟರುಗಳನ್ನು ರಿಪೇರಿ ಮಾಡುವ ಅಂಗಡಿ.

ಅಷ್ಟರಲ್ಲಿ ಸೇಬಿನ ಸುದ್ದಿ ಓಣಿಯನ್ನು ದಾಟಿತ್ತು. ಎದುರು ಮನೆಯ ಭಾಗ್ಯಜ್ಯೋತಿ ಬಂದು, ಸಿದ್ದಲಿಂಗವ್ವ ಸೆರಗು ಮುಚ್ಚಿಕೊಂಡು ಮಲಗಿದ್ದನ್ನು ಒಳಕೋಣೆಯ ಬಾಗಿಲಿನಿಂದಲೇ ನೋಡಿ, "ಪಾಪ, ಎಷ್ಟ ಇಳದಾರ," ಎಂದು ಅರ್ಧ ಕಿಲೋ ಸೇಬು ಇಟ್ಟು ಹೋದಳು. ಅವೂ ಜುಲ್ಫಿಕರನ ಗಾಡಿಯವೇ, ಅವೂ ಮೆತ್ತಗಿದ್ದವು.

ಭಾನುವಾರ ಸಂಜೆ ನಾಲ್ಕಕ್ಕೆ ಮಲಿಕಸಾಬ ಬಂದ. ಎಪ್ಪತ್ತೆಂಟರ ಮನುಷ್ಯ, ಬಿಳಿ ಟೊಪ್ಪಿಗೆ, ಕೈಯಲ್ಲಿ ಸೇಬಿನ ಚೀಲ.

"ಬಸಂತಾ, ನಿಮ್ಮವ್ವ ಹ್ಯಾಂಗದಾಳ?"

"ಆರಾಮ ಅದಾಳ ಕಾಕಾ. ಈಗರೆ ಮಲಗ್ಯಾಳ."

"ಮಲಗಲಿ. ಎದ್ದ ಮ್ಯಾಲ ಮಾತಾಡಿಸಿ ಹೋಗ್ತೇನಿ. ನನಗೇನ ಲಿಂಬಿ ಸವಾಲ ಕಾಯಾಕತ್ತೇತೇನು?" ಎಂದು ಪಡಸಾಲೆಯ ಕುರ್ಚಿಯಲ್ಲಿ ಕೂತುಬಿಟ್ಟ.

ಆ ಮನೆಯಲ್ಲಿ ಪಡಸಾಲೆ, ಅಡುಗೆಮನೆ, ಒಳಕೋಣೆ ಒಂದರ ಹಿಂದೆ ಒಂದು ಇವೆ. ಒಳಕೋಣೆಯ ಮಂಚದಿಂದ ಒಲೆ ಕಾಣುತ್ತದೆ, ಪಡಸಾಲೆಯಿಂದ ಮಂಚ ಕಾಣುವುದಿಲ್ಲ. ಸಿದ್ದಲಿಂಗವ್ವ ಮಂಚದ ಮೇಲೆ ಎದ್ದು ಕೂತು, ಅವನನ್ನು ಕಳಿಸು ಎಂದು ಸೊಸೆಗೆ ಕೈ ಮಾಡಿದಳು. ಜಯಮಾಲಾ ಹೇಗೆ ಕಳಿಸಲಿ ಎಂದು ಕೈ ತಿರುವಿ, ಮಲಿಕಸಾಬನ ಚೀಲವನ್ನು ತಂದು ಒಲೆಯ ಪಕ್ಕದ ಕಟ್ಟೆಯ ಮೇಲೆ ಸುರಿದಳು. ಒಂದನ್ನು ಒತ್ತಿದಳು. ಕಲ್ಲಿನಂತಿತ್ತು.

"ಕಾಕಾ, ಇವು ಎಲ್ಲಿವು?" ಎಂದು ಬಾಗಿಲಿಗೆ ಬಂದು ಕೇಳಿದಳು.

"ಜುಲ್ಫಿಕರನ ಗಾಡೀವ. ಯಾಕ?"

"ನಮಗ ಇಂಥವ ಒಂದೂ ಕೊಟ್ಟಿಲ್ಲಲ್ರಿ ಅಂವ."

ಮಲಿಕಸಾಬ ನಕ್ಕ. "ಮನ್ಯಾಗ ಪೇಶಂಟ್ ಅದಾರಂತ ಅನಿಸಿದ್ರ ಅಂವ ಮೆತ್ತಗಿನವ ಆರಿಸಿ ಹಾಕ್ತಾನ. ಅಗಿಯಾಕ ಹಗರ ಆಗಲಿ ಅಂತ. ಒಳ್ಳೇ ಮನಸ್ಸ ಅವಂದು. ಆದರ ಮೆತ್ತಗಿನ ಹಣ್ಣ ಎರಡ ದಿನದಾಗ ಹಿಟ್ಟಾಗತೈತಿ. ನಾ ಯಾರಿಗಂತ ಹೇಳಲಿಲ್ಲ, ನಾನ ಆರಿಸಿದ್ನಿ."

ಜಯಮಾಲಾಳಿಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಆರಿಸಿದ ಜುಲ್ಫಿಕರ ನೆನಪಾದ. ಅತ್ತೆಯ ಗುಟ್ಟು ಕಾಯಲೆಂದು ಬಾಯಿ ಮುಚ್ಚಿಕೊಂಡದ್ದಕ್ಕೆ ಮೂರು ಕಿಲೋ ಮುದ್ದೆಯಾಗಿತ್ತು. ಅವಳು ಒಳಗೆ ಹೋಗಿ ತವೆ ಇಟ್ಟಳು. ಬಂದವರಿಗೆ ಹೇಗೂ ಏನಾದರೂ ಕೊಡಬೇಕಿತ್ತು.

ನಾಲ್ಕು ಹಣ್ಣಿನ ಸಿಪ್ಪೆ ತೆಗೆದು ಕಿರುಬೆರಳಿನ ದಪ್ಪಕ್ಕೆ ಹೋಳು ಮಾಡಿದಳು. ಎರಡು ಚಮಚ ಬೆಣ್ಣೆ ಕರಗಿಸಿ, ಹೋಳುಗಳನ್ನು ಒಂದರ ಮೇಲೊಂದು ಬರದಂತೆ ಹರವಿದಳು. ಹಿತ್ತಿಲಿನ ಗಿಡದ ಲಿಂಬೆಯನ್ನು ಎರಡು ಹೋಳು ಮಾಡಿ, ಎಂದಿನಂತೆ ಪಕ್ಕಕ್ಕೆ ಇಟ್ಟಳು. ಇಂಡಿಯಲ್ಲಿ ಲಿಂಬೆಯನ್ನು ಯಾರೂ ಒಲೆಯ ಮೇಲೆ ಹಿಂಡುವುದಿಲ್ಲ. ಅಡುಗೆ ಇಳಿಸಿದ ಮೇಲೆ ಹಿಂಡುತ್ತಾರೆ, ಇಲ್ಲದಿದ್ದರೆ ಕಹಿಯಾಗುತ್ತದೆ ಎನ್ನುತ್ತಾರೆ. ಹಿಂದಿನ ಮೂರು ಸಲವೂ ಅವಳು ಹಾಗೆಯೇ ಮಾಡಿದ್ದಳು.

ಸಿದ್ದಲಿಂಗವ್ವ ಮಂಚದಿಂದ ಕೈ ಬೀಸಿದಳು. ಜಯಮಾಲಾ ನೋಡಲಿಲ್ಲ. ಬಳೆ ಆಡಿಸಿದಳು. ಬೆಣ್ಣೆಯ ಸದ್ದಿನಲ್ಲಿ ಅದು ಕೇಳಲಿಲ್ಲ. ಹೋಳುಗಳ ಅಂಚು ಬಣ್ಣ ತಿರುಗುತ್ತಿರುವುದು ಮಂಚದಿಂದಲೂ ಕಾಣುತ್ತಿತ್ತು. ಸೊಸೆ ಸಕ್ಕರೆಯ ಡಬ್ಬಿಗೆ ಕೈ ಹಾಕಿದಳು.

"ಲಿಂಬಿ ಮದಲ ಹಿಂಡ! ಹುಣಸಿ ಮದಲ ಹಾಕಿದ್ರ ಬ್ಯಾಳಿ ಬೇಯತೈತೇನು? ಹುಳಿ ಬಿದ್ರ ಕರಗಂಗಿಲ್ಲ ಅದು!"

ಇಡೀ ಮನೆ ಕೇಳುವಂತೆ ಬಂದ ಮಾತು. ಅದರಲ್ಲಿ ಅರ್ಧ ಅಕ್ಷರ, ಅರ್ಧ ಗಾಳಿ. ಕೊನೆಯಲ್ಲಿ ಸಣ್ಣದೊಂದು ಸೀಟಿ.

ಜಯಮಾಲಾಳ ಕೈ ಡಬ್ಬಿಯಲ್ಲೇ ನಿಂತಿತು. ಪಡಸಾಲೆಯಲ್ಲಿ ಬಸಂತರಾಯ ನೆಲ ನೋಡಿದ. ಆಮೇಲೆ ಮಲಿಕಸಾಬನ ದನಿ ಬಂತು, ಅವಸರವಿಲ್ಲದೆ:

"ಬಸಂತಾ, ಒಳಗ ಕುಕ್ಕರ ಇಟ್ಟಾರೇನಪಾ?"

ಹನ್ನೆರಡು ವರ್ಷ ಅವನು ಆ ಮಾತನ್ನು ಎಲ್ಲಿಟ್ಟುಕೊಂಡಿದ್ದನೋ. ಜಯಮಾಲಾ ಲಿಂಬೆ ಎತ್ತಿಕೊಂಡು ಅರ್ಧ ಹೋಳನ್ನು ತವೆಯ ಮೇಲೆ ಹಿಂಡಿದಳು. ಬೇರೇನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಆಗ ಒಳಕೋಣೆಯಿಂದ ನಗು ಕೇಳಿತು. ಹಲ್ಲಿನ ತಡೆ ಇಲ್ಲದ, ತೆರೆದ ನಗು.

"ಇಟ್ಟೇನಿ ಮಲಿಕಸಾಬಣ್ಣ," ಎಂದಳು ಸಿದ್ದಲಿಂಗವ್ವ. "ಒಂದ ಸೀಟಿ ಆಗೇತಿ. ಇನ್ನ ಎರಡ ಆಗಬೇಕು."

ಅವಳು ಎದ್ದು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕೂತಳು. ಸೆರಗು ಹೆಗಲ ಮೇಲೆ ಇತ್ತು. ಅಲ್ಲಿಂದ ಅವಳು ಒಲೆಯನ್ನೂ ನೋಡಬಹುದಿತ್ತು, ಪಡಸಾಲೆಯನ್ನೂ ನೋಡಬಹುದಿತ್ತು. ಉರಿ ಸಣ್ಣದು ಮಾಡು, ಸೌಟು ಬೇಡ, ತವೆ ಹಿಡಿದು ಅಲ್ಲಾಡಿಸು, ಈಗ ಸಕ್ಕರೆ ಹಾಕು ಎಂದು ಸೊಸೆಗೆ ಹೇಳುತ್ತ, ನಡುವೆ ಮಲಿಕಸಾಬನಿಗೂ ಉತ್ತರ ಕೊಟ್ಟಳು. ಒಂದು ತಿಂಗಳಿನಿಂದ ಅವಳು ಅಡುಗೆಮನೆಯಲ್ಲಿ ಹೀಗೆ ಕೂತಿರಲಿಲ್ಲ.

"ಮ್ಯಾಲಿನವ ಕೆಳಗಿನವ ಎರಡೂ ಹೋದವೇನು?"

"ಎಲ್ಲಾ ಹೋದವು. ಹೆಸರ ಇಡು ಈಗ. ನಿನ್ನ ಪಾಳಿ."

"ಯಾಕ ಇಡಲಿ? ಆ ಹೆಸರಿಂದ ನನಗ ಉಪಕಾರ ಆಗೇತಿ ತಂಗಿ. ಈ ಊರಾಗ ಮಲಿಕಸಾಬರು ಆರು ಮಂದಿ ಅದೇವಿ. ಸೀಟಿ ಮಲಿಕಸಾಬ ಅಂದ್ರ ಪೋಸ್ಟಮನ್ ಸೀದಾ ನನ್ನ ಮನಿಗೆ ಬರ್ತಾನ."

"ನಾ ಹಂಗ ಅಂದಿದ್ದು ತಪ್ಪಾತಣ್ಣ."

"ತಪ್ಪೇನೋ ಆತು. ಒಂದ ವರ್ಷ ನಾ ಕಟ್ಟಿಗೆ ಬರೂದ ಬಿಟ್ಟಿದ್ನಿ, ಯಾಕಂತ ನಿನಗ ಗೊತ್ತಿರಲಿಕ್ಕಿಲ್ಲ." ಮಲಿಕಸಾಬ ಟೊಪ್ಪಿಗೆ ಸರಿಮಾಡಿಕೊಂಡ. "ನೀ ಬಿಡಬ್ಯಾಡ. ವರ್ಷಗಟ್ಲೆ ಒಳಗ ಕುಂತ್ರ ಹಲ್ಲ ಏನ ತಿರಗಿ ಬರಂಗಿಲ್ಲ."

ಹನ್ನೆರಡು ನಿಮಿಷಕ್ಕೆ ಜಯಮಾಲಾ ದಾಲ್ಚಿನ್ನಿ ಉದುರಿಸಿ ತವೆ ಇಳಿಸಿದಳು. ಹೋಳುಗಳು ಹೊಳೆಯುತ್ತಿದ್ದವು, ಅಂಚು ಕೂಡ ಹಾಗೆಯೇ ಉಳಿದಿತ್ತು. ನಾಲ್ಕು ತಟ್ಟೆಗೆ ಹಂಚಿದಳು. ಸಿದ್ದಲಿಂಗವ್ವ ಒಂದು ಹೋಳನ್ನು ಬೆರಳಿನಿಂದ ಎತ್ತಿ ಬೆಳಕಿಗೆ ಹಿಡಿದಳು. ಅದು ಬಾಗಿತು, ಬೀಳಲಿಲ್ಲ. ಬಾಯಿಗಿಟ್ಟುಕೊಂಡು ಒತ್ತಿದಳು.

ಜಯಮಾಲಾ ತನ್ನ ತಟ್ಟೆ ಮುಟ್ಟದೆ ಕಾಯುತ್ತಿದ್ದಳು.

"ಹೋಟೆಲ್ಲಿನಕ್ಕಿಂತ ಸಕ್ರಿ ಒಂದೀಟ ಕಮ್ಮಿ ಆಗೇತಿ," ಎಂದಳು ಸಿದ್ದಲಿಂಗವ್ವ. ತಟ್ಟೆ ಮುಗಿಸಿದಳು. ತವೆಯಲ್ಲಿ ಉಳಿದದ್ದನ್ನೂ ಹಾಕಿಸಿಕೊಂಡಳು. ಆಮೇಲೆ ಇಷ್ಟು ದಿನ ಯಾರನ್ನೂ ಕೇಳಲಾಗದೆ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಮಲಿಕಸಾಬನಿಗೆ ಕೇಳಿದಳು:

"ಖರೇ ಹೇಳಣ್ಣ. ಸೆಟ್ ಹಾಕ್ಕೊಂಡ್ರ ಕಡಕ ರೊಟ್ಟಿ ತಿನ್ನಾಕ ಬರತೈತೇನು?"

"ಬರತೈತಿ. ಮುಂದಿನ ಹಲ್ಲಿಂದ ಕಡೀಬ್ಯಾಡ. ಕೈಲೆ ಮುರಕೊಂಡು, ಎರಡೂ ಬಾಜು ಇಟಗೊಂಡು ಅಗಿ. ಮದಲ ಮದಲ ಒಸಡಿ ನೋಯತೈತಿ. ಮೂರ ತಿಂಗಳ ತಡಿ. ನಾ ಇವತ್ತ ಮುಂಜಾನಿ ಎರಡ ತಿಂದೇನಿ."

ಸಿದ್ದಲಿಂಗವ್ವ ಮಗನ ಕಡೆ ತಿರುಗಿ, "ಕೇಳಿದ್ಯಾ?" ಎಂದಳು, ಆಗುವುದಿಲ್ಲ ಎಂದು ಅವನೇ ಹೇಳಿದ್ದನೇನೋ ಎಂಬಂತೆ.

ಮರುದಿನ ಬೆಳಿಗ್ಗೆ ಅವಳು ಕಟ್ಟೆಯ ಮೇಲೆ ತನ್ನ ಜಾಗದಲ್ಲಿ ಕೂತಿದ್ದಳು. ಭಾಗ್ಯಜ್ಯೋತಿಗೆ ಬಾಯಿ ತೆರೆದು ಒಸಡು ತೋರಿಸುತ್ತಿದ್ದಳು. ಜಯಮಾಲಾ ಚೀಲ ಹಿಡಿದು ಜುಲ್ಫಿಕರನ ಗಾಡಿಗೆ ಹೋದಳು.

"ಪೇಶಂಟ್ ಹ್ಯಾಂಗದಾರ್ರಿ ಅಕ್ಕಾರ?"

"ಪೇಶಂಟ್ ಯಾರೂ ಇಲ್ಲೋ. ಅತ್ತಿ ಹಲ್ಲ ತೆಗಿಸ್ಯಾರ, ಒಂದೂ ಉಳದಿಲ್ಲ. ಒಂದ ಕಿಲೋ ಸೇಬ ಕೊಡು, ಎಲ್ಲಾ ಗಟ್ಟಿ ಇದ್ದವ."

ಜುಲ್ಫಿಕರನ ಹೆಬ್ಬೆರಳು ಹಣ್ಣಿನ ಮೇಲೆ ನಿಂತಿತು. "ಹಲ್ಲಿಲ್ಲದವರಿಗೆ ಗಟ್ಟಿ ಇದ್ದವ ಏನ್ರಿ?"

"ಹೌದು," ಎಂದಳು ಜಯಮಾಲಾ. "ಇದ್ದುದರಾಗ ಎಲ್ಲಾಕ್ಕಿಂತ ಗಟ್ಟಿ ಇದ್ದವ."